ಸುದ್ದಿಯ ಕಾವಲು: ಕೊಪ್ಪಳದ ಕೋಟೆಯಿಂದ ವಿಮಾನದ ಕಂಪ್ಯೂಟರ್‌ವರೆಗೆ



ಕೊಪ್ಪಳದ ಕೋಟೆಯನ್ನು ತಾವು ಕಂಡಿರಬಹುದು, ಇಲ್ಲವೇ ಅದರ ವಿಷಯ ಕೇಳಿರಬಹುದು. ಬಂಡೆಗಳ ಮೇಲೆ ಬಂಡೆ ಪೇರಿಸಿದಂತಿರುವ ಬೆಟ್ಟ, ಅದರ ಮೈಗೆ ಹೊಂದಿಕೊಂಡು ಏರುವ ಗೋಡೆಗಳು, ಮೇಲೊಂದು ಕೆಳಗೊಂದು ಕೋಟೆ. ಟಿಪ್ಪು ಸುಲ್ತಾನನು 1786ರಲ್ಲಿ ಇದನ್ನು ಪಾಳೆಯಗಾರನೊಬ್ಬನಿಂದ ವಶಪಡಿಸಿಕೊಂಡು, ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದ. ಮೂರನೆಯ ಮೈಸೂರು ಯುದ್ಧದಲ್ಲಿ, 1790ರಲ್ಲಿ, ಹೈದರಾಬಾದಿನ ನಿಜಾಮನ ಸೈನ್ಯವೂ ಈಸ್ಟ್ ಇಂಡಿಯಾ ಕಂಪನಿಯ ತುಕಡಿಯೂ ಸೇರಿ ಕೋಟೆಗೆ ಮುತ್ತಿಗೆ ಹಾಕಿದವು. ಆ ಪಡೆಯಲ್ಲಿ ತರುಣ ಅಧಿಕಾರಿಯಾಗಿದ್ದ ಜಾನ್ ಮಾಲ್ಕಂ, ಮುಂದೆ ದೊಡ್ಡ ಹೆಸರು ಮಾಡಿದವನು, ತಾನು ಭಾರತದಲ್ಲಿ ಕಂಡ ಅತ್ಯಂತ ಬಲಿಷ್ಠ ಸ್ಥಳ ಇದೇ ಎಂದು ಬಣ್ಣಿಸಿದ್ದಾನೆ. ತಿಂಗಳುಗಟ್ಟಲೆ ಫಿರಂಗಿಗಳು ಮೊಳಗಿದರೂ ಕೋಟೆ ಬೀಳಲಿಲ್ಲ.

ಕೊನೆಗೆ ಅದು ಶರಣಾದದ್ದು 1791ರ ಏಪ್ರಿಲ್‌ನಲ್ಲಿ. ಅದಕ್ಕೆ ಮುಂಚೆ, ಮಾರ್ಚ್ 21ರಂದು, ಬೆಂಗಳೂರಿನ ಕೋಟೆ ಕಾರ್ನ್‌ವಾಲಿಸನ ಕೈವಶವಾಗಿತ್ತು. ಆ ಸುದ್ದಿ ಕೊಪ್ಪಳಕ್ಕೆ ಮುಟ್ಟಿದ ಮೇಲೆ ಒಳಗಿದ್ದವರ ಎದೆಗುಂದಿತು. ಗುಂಡಿಗೆ ಬಗ್ಗದ ಗೋಡೆಯ ಹಿಂದಿದ್ದ ಮನಸ್ಸು ಒಂದು ಸುದ್ದಿಗೆ ಬಗ್ಗಿತು. ಸುದ್ದಿ ನಿಜವಾಗಿತ್ತು ಎಂಬುದು ಬೇರೆ ಮಾತು. ಸುಳ್ಳಾಗಿದ್ದರೂ ಅದನ್ನು ಪರೀಕ್ಷಿಸಿ ನೋಡುವ ಸಾಧನ ಒಳಗಿದ್ದವರ ಬಳಿ ಎಷ್ಟು ಇತ್ತು ಎಂದು ತಾವೇ ಊಹಿಸಬಹುದು.

ಎರಡು ಶತಮಾನಗಳ ಹಿಂದಿನ ಈ ಪ್ರಸಂಗಕ್ಕೂ ಇಂದಿನ ವಿಮಾನ ಮತ್ತು ಅಂತರಜಾಲ ರಕ್ಷಣೆಯ ನೀತಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ರಾಜ್ಯವಾಗಲಿ, ವಿಮಾನ ನಿಲ್ದಾಣವಾಗಲಿ, ತಾಲ್ಲೂಕು ಕಚೇರಿಯಾಗಲಿ, ನಡೆಯುವುದು ಸುದ್ದಿಯ ಮೇಲೆ. ಆ ಸುದ್ದಿಗೆ ಮೂರು ಬಗೆಯ ಕಾವಲು ಬೇಕು. ಮೊದಲನೆಯದು ಸುದ್ದಿ ಸಾಗುವ ದಾರಿಯ ಕಾವಲು. ಎರಡನೆಯದು ಸುದ್ದಿಯ ಸತ್ಯದ ಕಾವಲು, ಅಂದರೆ ಅದನ್ನು ಕಳಿಸಿದವರು ಯಾರು, ದಾರಿಯಲ್ಲಿ ಅದು ಬದಲಾಗಿಲ್ಲವೇ ಎಂಬ ಖಾತರಿ. ಮೂರನೆಯದು, ಇವೆರಡೂ ಕೈಕೊಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಸಿದ್ಧತೆ. ನಮ್ಮ ಕಾನೂನುಗಳ ಇತಿಹಾಸವನ್ನು ನೋಡಿದರೆ, ಅವು ಮೊದಲನೆಯ ಕಾವಲಿನಿಂದ ಹೊರಟು, ತಡವಾಗಿ ಎರಡನೆಯದಕ್ಕೆ ಬಂದಿವೆ. ಮೂರನೆಯದನ್ನು ಇನ್ನೂ ಕಲಿಯುತ್ತಿದ್ದೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ನೆಲದ ಮೇಲೆ ನಿಂತು ಈ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡೋಣ.

ಬಂಡೆಯ ಮೇಲಿನ ಸಹಿ

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಕಿರು ಶಿಲಾಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಪಾಟಲಿಪುತ್ರದ ಮಾತು ಇಷ್ಟು ದೂರ ಬಂದು ಕಲ್ಲಿನಲ್ಲಿ ಮೂಡಿತು. ಹೇಗೆ ಬಂತು ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ಉತ್ತರ ಕೊಡುತ್ತದೆ. ಸುವರ್ಣಗಿರಿಯಲ್ಲಿದ್ದ ರಾಜಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಅರಸನ ಆಜ್ಞೆಯನ್ನು ಮುಟ್ಟಿಸಿದ್ದು ಅದರಲ್ಲಿ ದಾಖಲಾಗಿದೆ. ಈ ಸುವರ್ಣಗಿರಿ ಹಿಂದೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದ, ಈಗ ತಾನೇ ತಾಲ್ಲೂಕಾಗಿರುವ ಕನಕಗಿರಿಯೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಬೇರೆ ಊರುಗಳನ್ನು ಸೂಚಿಸುವವರೂ ಉಂಟು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು ಸಂಗತಿ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ಅದರಲ್ಲೂ 'ಲಿಪಿಕಾರ' ಎಂಬ ಮಾತನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಯಾರ ಆಜ್ಞೆ, ಯಾರ ಮೂಲಕ ಬಂತು, ಯಾರು ಬರೆದರು ಎಂಬ ಮೂರೂ ಸಂಗತಿಗಳು ಒಂದೇ ಕಲ್ಲಿನ ಮೇಲಿವೆ. ಇಂದು ಕಂಪ್ಯೂಟರ್ ತಜ್ಞರು 'ವಿಶ್ವಾಸದ ಸರಪಳಿ' ಎಂದು ಕರೆಯುವುದು ಇದನ್ನೇ. ಸಂದೇಶ ಎಷ್ಟೇ ದೂರದಿಂದ ಬರಲಿ, ಪ್ರತಿಯೊಂದು ಕೈಯ ಗುರುತೂ ಅದರ ಮೇಲಿರಬೇಕು.

ತಂತಿ ಬಂತು, ತಂತಿಯ ಕಾನೂನು ಬಂತು

ಭಾರತದಲ್ಲಿ ವಿದ್ಯುತ್ ತಂತಿ 1851ರಲ್ಲಿ ಕಲಕತ್ತೆಯ ಬಳಿ ಆರಂಭವಾಗಿ, 1855ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಎರಡೇ ವರ್ಷಗಳಲ್ಲಿ ಅದರ ಬೆಲೆ ಏನೆಂದು ಆಳುವವರಿಗೂ ತಿಳಿಯಿತು, ಎದುರಾದವರಿಗೂ ತಿಳಿಯಿತು. 1857ರ ಮೇ 11ರಂದು ದೆಹಲಿಯ ತಂತಿ ಕಚೇರಿಯಿಂದ ಅಂಬಾಲಕ್ಕೆ ಹೋದ ಸಂದೇಶವೇ ಬ್ರಿಟಿಷರನ್ನು ಎಚ್ಚರಿಸಿತು. ಬಂಡಾಯಗಾರರು ಅನೇಕ ಕಡೆ ಮೊದಲು ಕೈಹಾಕಿದ್ದು ತಂತಿಗೆ ಮತ್ತು ಕಂಬಕ್ಕೆ.

ಆ ಬಂಡಾಯದ ಅಲೆ ಕೊಪ್ಪಳಕ್ಕೂ ಬಂತು. 1858ರಲ್ಲಿ ನರಗುಂದದ ಬಾಬಾಸಾಹೇಬರು ದಂಗೆ ಎದ್ದ ದಿನಗಳಲ್ಲೇ ಮುಂಡರಗಿಯ ಭೀಮರಾಯರೂ ಹಮ್ಮಿಗೆಯ ಕೆಂಚನಗೌಡರೂ ಕೊಪ್ಪಳದ ಕೋಟೆಯನ್ನು ಹಿಡಿದರು. ಜೂನ್ ಮೊದಲಲ್ಲೇ ಮೇಜರ್ ಹ್ಯೂಸನ ಪಡೆ ಕೋಟೆಯನ್ನು ಮುತ್ತಿತು. ಭೀಮರಾಯರು ಹೋರಾಡುತ್ತ ಮಡಿದರು. 1791ರಲ್ಲಿ ಆರು ತಿಂಗಳ ಹತ್ತಿರ ನಿಂತಿದ್ದ ಕೋಟೆ ಈ ಸಲ ಕೆಲವೇ ದಿನಗಳಲ್ಲಿ ಹೋಯಿತು. ಗೋಡೆ ಅದೇ ಇತ್ತು. ಆದರೆ ಸುದ್ದಿ ಸಾಗುವ ವೇಗ ಬದಲಾಗುತ್ತಿತ್ತು, ಸೈನ್ಯ ಕೂಡಿಬರುವ ವೇಗವೂ ಬದಲಾಗಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆಗ ತಂತಿ ಕತ್ತರಿಸಿದವರನ್ನು ನಾವು ಸ್ವಾತಂತ್ರ್ಯದ ಹೋರಾಟಗಾರರೆಂದು ಗೌರವಿಸುತ್ತೇವೆ. ಇಂದು ಕೇಬಲ್ ಕತ್ತರಿಸಿದವನನ್ನು ಅಪರಾಧಿ ಎನ್ನುತ್ತೇವೆ. ಇದರಲ್ಲಿ ವಿರೋಧವಿಲ್ಲ. ಅಂದಿನ ತಂತಿ ಆಳುವವರ ಕೈಯ ಚಾಟಿಯಾಗಿತ್ತು. ಇಂದಿನ ಜಾಲದಲ್ಲಿ ನಮ್ಮ ಪಹಣಿ, ನಮ್ಮ ಪಿಂಚಣಿ, ನಮ್ಮ ಪಡಿತರ, ನಮ್ಮ ಮಕ್ಕಳ ಪರೀಕ್ಷೆಯ ಫಲಿತಾಂಶ ಸಾಗುತ್ತವೆ. ಸೊತ್ತು ಯಾರದು ಎಂಬುದೇ ಬದಲಾಗಿದೆ. ಹಾಗಾಗಿ ಕಾವಲಿನ ಹೊಣೆಯೂ ಬದಲಾಗಬೇಕು.

1885ರ ಭಾರತೀಯ ತಂತಿ ಕಾಯಿದೆ ತಂತಿಗೆ ಬೇಕೆಂದೇ ಹಾನಿ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಿತು. ಕಂಬ, ತಂತಿ, ಯಂತ್ರ, ಕಚೇರಿ, ಇವೇ ಆ ಕಾಯಿದೆಯ ಕಣ್ಣಿಗೆ ಬಿದ್ದ ಮುಖ್ಯ ಆಸ್ತಿ. ಈ ಕಾಯಿದೆ ಎಷ್ಟು ಕಾಲ ಬಾಳಿತೆಂದರೆ, ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋದ ಮೇಲೂ ದೂರವಾಣಿ, ಅಂತರಜಾಲಗಳಿಗೆ ಅದೇ ಆಧಾರವಾಗಿತ್ತು. ಅದರ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂತು. 2024ರ ನವೆಂಬರ್‌ನಲ್ಲಿ ಅದರ ಕೆಳಗೆ ದೂರಸಂಪರ್ಕದ ಸೈಬರ್ ಭದ್ರತೆಯ ನಿಯಮಗಳೂ ನಿರ್ಣಾಯಕ ದೂರಸಂಪರ್ಕ ಸೌಕರ್ಯಗಳ ನಿಯಮಗಳೂ ಹೊರಬಂದವು.

ರೈಲಿನ ಗುಂಡು ಕಲಿಸಿದ ಪಾಠ

ಎರಡನೆಯ ಕಾವಲನ್ನು, ಅಂದರೆ ಸುದ್ದಿಯ ಸತ್ಯದ ಕಾವಲನ್ನು, ನಮ್ಮ ಊರುಗಳಿಗೆ ಮೊದಲು ತೋರಿಸಿಕೊಟ್ಟದ್ದು ರೈಲು ಎನ್ನಬಹುದು. ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಎರಡು ಗಾಡಿಗಳು ಬಂದರೆ ಅನಾಹುತ. ಬರಿಯ ತಂತಿ ಸಂದೇಶವನ್ನು ನಂಬಿ ಗಾಡಿ ಬಿಟ್ಟರೆ, ಸಂದೇಶ ತಪ್ಪಾದಾಗ ಜೀವ ಹೋಗುತ್ತದೆ. ಅದಕ್ಕಾಗಿ ಟೋಕನ್ ಪದ್ಧತಿ ಬಂತು. ಎರಡು ನಿಲ್ದಾಣಗಳಲ್ಲಿರುವ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಬೀಗ ಹಾಕಿಕೊಂಡಿರುತ್ತಿದ್ದವು. ಎರಡೂ ಕಡೆಯ ಸ್ಟೇಷನ್ ಮಾಸ್ತರರು ಒಪ್ಪಿದಾಗ ಮಾತ್ರ ಒಂದೇ ಒಂದು ಲೋಹದ ಗುಂಡು ಹೊರಬರುತ್ತಿತ್ತು. ಅದನ್ನು ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ, ಇಂಜಿನ್ ಡ್ರೈವರನ ಕೈಗೆ ಕೊಡುತ್ತಿದ್ದುದನ್ನು ಹಿರಿಯ ಓದುಗರು ನೋಡಿರಬೇಕು. ಗುಂಡು ಕೈಯಲ್ಲಿಲ್ಲದೆ ಗಾಡಿ ಮುಂದೆ ಹೋಗುವಂತಿಲ್ಲ.

ಕಂಪ್ಯೂಟರ್ ಲೋಕದಲ್ಲಿಯೂ ಇಂದು 'ಟೋಕನ್' ಎಂಬ ಪದವೇ ಬಳಕೆಯಲ್ಲಿದೆ. ಬ್ಯಾಂಕಿನ ಕೆಲಸಕ್ಕೆ ತಮ್ಮ ಮೊಬೈಲಿಗೆ ಬರುವ ಆರು ಅಂಕಿಯ ಗುಟ್ಟಿನ ಸಂಖ್ಯೆಯೂ ಅದೇ ತತ್ವದ್ದು. ಆ ಸಂಖ್ಯೆಯನ್ನು ಇನ್ನೊಬ್ಬರಿಗೆ ಹೇಳುವುದೆಂದರೆ, ಎದುರಿನ ಗಾಡಿ ಎಲ್ಲಿದೆ ಎಂದು ತಿಳಿಯದೆ ಗುಂಡನ್ನು ದಾರಿಹೋಕನ ಕೈಗೆ ಕೊಟ್ಟಂತೆ.

ಆಕಾಶದ ಟಪಾಲು

ಈಗ ವಿಮಾನದ ಕಡೆಗೆ ಬರೋಣ. ಕೊಪ್ಪಳದ ಸೀಮೆ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳವು ಸಾಲಾರ್ ಜಂಗರ ಜಹಗೀರು. 1940ರ ದಶಕದ ಮಧ್ಯದಲ್ಲಿ ನಿಜಾಂ ಸರ್ಕಾರ ಮತ್ತು ಟಾಟಾ ಸಂಸ್ಥೆ ಸೇರಿ ಡೆಕ್ಕನ್ ಏರ್‌ವೇಸ್ ಎಂಬ ವಿಮಾನ ಕಂಪನಿಯನ್ನು ಹುಟ್ಟುಹಾಕಿದ್ದವು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರುವ ಪ್ರಶ್ನೆ ಬಿಕ್ಕಟ್ಟಾದಾಗ ಗಡಿಗಳು ಬಿಗಿಯಾದವು. ಗಡಿಯಾಚೆ ಮುಂಡರಗಿಯ ಶಿಬಿರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ ಈ ಭಾಗದ ಯುವಕರು ರಜಾಕಾರರ ವಿರುದ್ಧ ಹೋರಾಡುತ್ತಿದ್ದರು. ಅದೇ ದಿನಗಳಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ವಿಮಾನಗಳಲ್ಲಿ ಶಸ್ತ್ರಾಸ್ತ್ರ ತುಂಬಿಕೊಂಡು ರಾತ್ರಿಯ ಹೊತ್ತು ಸಂಸ್ಥಾನದ ಬೀದರ್, ವಾರಂಗಲ್ ಮುಂತಾದ ಇಳಿದಾಣಗಳಿಗೆ ಬರುತ್ತಿದ್ದ. ನೆಲದ ದಾರಿ ಮುಚ್ಚಿದರೂ ಆಕಾಶ ತೆರೆದಿತ್ತು. ಹಾರುತ್ತಿರುವುದು ಯಾರ ವಿಮಾನ, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಖಚಿತವಾಗಿ ತಿಳಿಯದಿದ್ದರೆ ಗಡಿಗೆ ಅರ್ಥವಿಲ್ಲ ಎಂಬುದನ್ನು ಆ ಪ್ರಸಂಗ ಹೇಳಿಕೊಟ್ಟಿತು.

ಇದನ್ನು ತಿಳಿಯುವ ಏರ್ಪಾಡೇ ವಿಮಾನದ ಹಾರಾಟ ಯೋಜನೆ. ಯಾವುದೇ ಪ್ರಯಾಣಿಕ ವಿಮಾನ ಏಳುವ ಮುನ್ನ ಅದರ ದಾರಿ, ಎತ್ತರ, ವೇಗ, ಇಂಧನದ ವಿವರಗಳು ದಾರಿಯ ಎಲ್ಲ ನಿಯಂತ್ರಣ ಕೇಂದ್ರಗಳಿಗೆ ಹೋಗಬೇಕು. ಇದಕ್ಕೆಂದೇ ಲೋಕದ ವಿಮಾನ ನಿಲ್ದಾಣಗಳನ್ನೆಲ್ಲ ಕೂಡಿಸುವ ಒಂದು ಸಂದೇಶ ಜಾಲವಿದೆ. ಅದು ಹುಟ್ಟಿದ್ದು ಟೆಲಿಪ್ರಿಂಟರ್ ಕಾಲದಲ್ಲಿ. ಇಂದಿಗೂ ಅದರ ಸಂದೇಶಗಳು ತಂತಿಯ ಭಾಷೆಯಂತೆಯೇ ಚುಟುಕಾಗಿರುತ್ತವೆ. ಪ್ರತಿಯೊಂದರ ನೆತ್ತಿಯ ಮೇಲೆ ತುರ್ತಿನ ಗುರುತಾಗಿ ಎರಡು ಅಕ್ಷರ. ಅಪಾಯದ ಕರೆಗೆ 'ಎಸ್ ಎಸ್', ಹಾರಾಟದ ಸುರಕ್ಷತೆಗೆ 'ಎಫ್ ಎಫ್'. ಪ್ರತಿ ನಿಲ್ದಾಣಕ್ಕೂ ನಾಲ್ಕಕ್ಷರದ ಹೆಸರು. ಬೆಂಗಳೂರು 'ವಿ ಓ ಬಿ ಎಲ್'. ನಮ್ಮ ಊರಿನ ತಂತಿ ಕಚೇರಿಗಳು ಮುಚ್ಚಿದವು. ಆದರೆ ತಂತಿಯ ಮರಿಮಗನೊಬ್ಬ ಆಕಾಶದ ಕೆಲಸದಲ್ಲಿ ಇನ್ನೂ ದುಡಿಯುತ್ತಿದ್ದಾನೆ.

ಆ ಜಾಲದ ಬೆಲೆ 2025ರ ನವೆಂಬರ್ 7ರಂದು ದೇಶಕ್ಕೆ ತಿಳಿಯಿತು. ದೆಹಲಿ ವಿಮಾನ ನಿಲ್ದಾಣದಲ್ಲಿ ಈ ಸಂದೇಶಗಳನ್ನು ವಿಂಗಡಿಸಿ ಕಳಿಸುವ ಸ್ವಯಂಚಾಲಿತ ವ್ಯವಸ್ಥೆ ಕೆಟ್ಟಿತು. ನಿಯಂತ್ರಕರು ಹಾರಾಟ ಯೋಜನೆಗಳನ್ನು ಕೈಯಿಂದಲೇ ಸಾಗಿಸಬೇಕಾಯಿತು. 800ಕ್ಕೂ ಹೆಚ್ಚು ವಿಮಾನಗಳು ತಡವಾದವು. ಒಂದು ವಿಮಾನಕ್ಕೂ ಏಟು ಬಿದ್ದಿರಲಿಲ್ಲ, ಒಂದು ಓಡುದಾರಿಗೂ ಬಿರುಕು ಬಿಟ್ಟಿರಲಿಲ್ಲ. ಅಧಿಕಾರಿಗಳು ಇದನ್ನು ತಾಂತ್ರಿಕ ದೋಷ ಎಂದರು. ಕೇವಲ ದೋಷದಿಂದ ಇಷ್ಟಾದರೆ, ಬೇಕೆಂದೇ ಮಾಡಿದ ದಾಳಿಯಿಂದ ಎಷ್ಟಾದೀತು ಎಂಬುದೇ ನೀತಿ ರೂಪಿಸುವವರ ಚಿಂತೆ.

ಜಾಲ ಬಂದ ಬಗೆ, ನೀತಿ ಬಂದ ಬಗೆ

ಭಾರತದ ಶಿಕ್ಷಣ ಮತ್ತು ಸಂಶೋಧನಾ ಜಾಲ 1986ರಲ್ಲಿ ಆರಂಭವಾದಾಗ ಅದರಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಿಂದ. ಅದಾಗಿ ಎರಡು ವರ್ಷಕ್ಕೆ, 1997ರ ಆಗಸ್ಟ್‌ನಲ್ಲಿ, ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಕೊಪ್ಪಳ ಜಿಲ್ಲೆ ಹುಟ್ಟಿತು. ಹೀಗೆ ಜಿಲ್ಲೆಯೂ ಜಾಲವೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು.

ಈ ನಾಲ್ಕು ತಾಲ್ಲೂಕುಗಳ ರೈತರ ಮನೆಗೆ ಕಂಪ್ಯೂಟರಿನ ಪರಿಣಾಮ ಮೊದಲು ಮುಟ್ಟಿದ್ದು 'ಭೂಮಿ' ಯೋಜನೆಯಿಂದ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು 2000ದ ಸುತ್ತಿನ ವರ್ಷಗಳಲ್ಲಿ ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಆಗ ಯೋಜನೆಯನ್ನು ರೂಪಿಸಿದವರು ಒಂದು ಜಾಣತನ ತೋರಿದರು. ದಾಖಲೆ ತಿದ್ದುವ ಅಧಿಕಾರ ಇದ್ದವರು ಗುಟ್ಟಿನ ಪದ ಹೊಡೆದರೆ ಸಾಲದು, ಬೆರಳಚ್ಚು ಒತ್ತಬೇಕು ಎಂದರು. ಇದು ಚಪಡನ ಸಹಿಯ ಮುಂದುವರಿಕೆ. ಜಮೀನಿನ ಒಂದು ಸಾಲು ಬದಲಾದರೆ, ಬದಲಿಸಿದ ಬೆರಳು ಯಾರದೆಂದು ತಿಳಿಯಬೇಕು.

ರಾಷ್ಟ್ರಮಟ್ಟದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ ತೆರೆಯಿತು. ದೇಶದಲ್ಲಿ ಅಂಥದು ಅದೇ ಮೊದಲು. 2004ರ ಜನವರಿಯಲ್ಲಿ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ, ಸರ್ಟ್-ಇನ್, ಕೆಲಸ ಆರಂಭಿಸಿತು. 2008ರ ತಿದ್ದುಪಡಿ, 2009ರ ಅಕ್ಟೋಬರ್‌ನಲ್ಲಿ ಜಾರಿಯಾದದ್ದು, 'ನಿರ್ಣಾಯಕ ಮಾಹಿತಿ ಮೂಲಸೌಕರ್ಯ'ದ ರಕ್ಷಣೆಗೆ ಒಂದು ರಾಷ್ಟ್ರೀಯ ಸಂಸ್ಥೆ ಇರಬೇಕೆಂದು ಹೇಳಿತು. ಯಾವುದು ಕೆಟ್ಟರೆ ದೇಶದ ಭದ್ರತೆ, ಆರ್ಥಿಕತೆ, ಜನರ ಆರೋಗ್ಯ ಅಥವಾ ಸುರಕ್ಷತೆ ಕುಸಿಯುವುದೋ ಅದೇ ನಿರ್ಣಾಯಕ. 2013ರ ಜುಲೈಯಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ ಹೊರಬಂತು. 2014ರ ಜನವರಿ 16ರಂದು ಆ ಸಂಸ್ಥೆ ಅಧಿಕೃತವಾಗಿ ನೇಮಕವಾಯಿತು. ಸಾರಿಗೆ, ವಿದ್ಯುತ್, ಬ್ಯಾಂಕು, ದೂರಸಂಪರ್ಕ ಇವೆಲ್ಲ ಅದರ ಕಣ್ಗಾವಲಿನ ಕ್ಷೇತ್ರಗಳು. ಕರ್ನಾಟಕ ಸರ್ಕಾರವೂ 2024ರ ಆಗಸ್ಟ್‌ನಲ್ಲಿ ತನ್ನದೇ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿತು.

ವಿಮಾನಯಾನದಲ್ಲಿ ಜಗತ್ತಿನ ಕಾನೂನು ಇದೇ ದಾರಿಯಲ್ಲಿ ನಡೆದಿದೆ. 1971ರ ಮಾಂಟ್ರಿಯಲ್ ಒಪ್ಪಂದ ವಿಮಾನವನ್ನು, ಸಂಚಾರ ಸಾಧನಗಳನ್ನು ಹಾಳುಗೆಡಹುವುದನ್ನು ಅಪರಾಧ ಎಂದಿತು. ಹಾರಾಟದಲ್ಲಿರುವ ವಿಮಾನಕ್ಕೆ ಅಪಾಯ ತರುವ ಸುಳ್ಳು ಸುದ್ದಿಯನ್ನೂ ಸೇರಿಸಿತು. ಭಾರತ ಅದನ್ನು ಅನುಸರಿಸಿ 1982ರಲ್ಲಿ ಕಾಯಿದೆ ಮಾಡಿತು. 2010ರ ಬೀಜಿಂಗ್ ಒಪ್ಪಂದ ಇನ್ನೂ ಮುಂದೆ ಹೋಗಿ, ಸಂಚಾರ ಸಾಧನ ಎಂದರೆ ಕಂಬ, ಯಂತ್ರ ಮಾತ್ರವಲ್ಲ, ವಿಮಾನಕ್ಕೆ ಬೇಕಾದ ಸಂಕೇತ, ದತ್ತಾಂಶ, ಮಾಹಿತಿ ಕೂಡ ಎಂದು ವ್ಯಾಖ್ಯಾನಿಸಿತು. ಅದು ಜಾರಿಗೆ ಬಂದದ್ದು 2018ರಲ್ಲಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2019ರಲ್ಲಿ ಸೈಬರ್ ಭದ್ರತೆಯ ಕಾರ್ಯತಂತ್ರವನ್ನೇ ಪ್ರಕಟಿಸಿತು.

ಪೆಟ್ಟು ಬಿದ್ದ ಜಾಗಗಳು

ಇಷ್ಟೆಲ್ಲ ಕಾನೂನುಗಳ ನಡುವೆಯೂ ಪೆಟ್ಟು ಬಿದ್ದದ್ದು ಎಲ್ಲಿ ಎಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 2021ರಲ್ಲಿ ಏರ್ ಇಂಡಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ವಿವರಗಳು ಸೋರಿದವು. ಸೋರಿದ್ದು ಅದರ ಸ್ವಂತ ಕಚೇರಿಯಿಂದಲ್ಲ, ಅನೇಕ ವಿಮಾನ ಕಂಪನಿಗಳಿಗೆ ಕಂಪ್ಯೂಟರ್ ಸೇವೆ ಒದಗಿಸುವ ಸೀಟಾ ಎಂಬ ಸಂಸ್ಥೆಯಿಂದ. 2022ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ಮೇಲೆ ಸುಲಿಗೆಯ ತಂತ್ರಾಂಶದ ದಾಳಿ ನಡೆದು ಬೆಳಗಿನ ವಿಮಾನಗಳು ತಡವಾದವು. 2025ರ ಸೆಪ್ಟೆಂಬರ್‌ನಲ್ಲಿ ಕಾಲಿನ್ಸ್ ಏರೋಸ್ಪೇಸ್ ಎಂಬ ಒಂದೇ ಸಂಸ್ಥೆಯ ತಂತ್ರಾಂಶಕ್ಕೆ ಬಿದ್ದ ಅಂಥದೇ ಏಟಿಗೆ ಲಂಡನ್, ಬ್ರಸೆಲ್ಸ್, ಬರ್ಲಿನ್ ನಿಲ್ದಾಣಗಳಲ್ಲಿ ಒಟ್ಟಿಗೆ ಸಾಲುಗಳು ಬೆಳೆದವು. ಮನೆಗೆ ಬೀಗ ಭದ್ರವಾಗಿದ್ದರೂ ಓಣಿಗೆಲ್ಲ ಒಬ್ಬನೇ ಬೀಗದವನಿದ್ದರೆ, ಅವನ ಕೀಲಿಗೊಂಚಲು ಕಳವಾದ ದಿನ ಇಡೀ ಓಣಿಯೇ ತೆರೆದಂತೆ.

2024ರ ಜುಲೈ 19 ಇನ್ನೂ ವಿಚಿತ್ರ. ಅಂದು ಯಾರೂ ದಾಳಿ ಮಾಡಲಿಲ್ಲ. ಕಂಪ್ಯೂಟರುಗಳನ್ನು ಕಾಯಬೇಕಾದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ತಂತ್ರಾಂಶವೇ ತನ್ನ ಒಂದು ತಪ್ಪು ಪರಿಷ್ಕರಣೆಯಿಂದ ಲೋಕದ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ನಿಲ್ಲಿಸಿಬಿಟ್ಟಿತು. ಬೇಲಿಯೇ ಬಿದ್ದು ದಾರಿ ಕಟ್ಟಿದಂತಾಯಿತು. ಆ ದಿನ ಹೈದರಾಬಾದಿನ ನಿಲ್ದಾಣದಲ್ಲಿ ಇಂಡಿಗೋ ಸಿಬ್ಬಂದಿ ಪ್ರಯಾಣಿಕರಿಗೆ ಪೆನ್ನಿನಿಂದ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅದನ್ನು ನೋಡಿ ನಕ್ಕವರುಂಟು. ಆದರೆ ಆ ಕೈಬರಹವೇ ನಾನು ಹೇಳುವ ಮೂರನೆಯ ಕಾವಲು. ಪೆನ್ನು ಹಿಡಿದು ಪಟ್ಟಿ ಬರೆಯಬಲ್ಲವರು ಇದ್ದುದರಿಂದ ವಿಮಾನಗಳು ಎದ್ದವು.

ಸುಳ್ಳು ಸುದ್ದಿಯ ಏಟೂ ಬಿದ್ದಿದೆ. 2024ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಮಾಧ್ಯಮಗಳ ಮೂಲಕ ನೂರಾರು ಹುಸಿ ಬಾಂಬ್ ಬೆದರಿಕೆಗಳು ಭಾರತದ ವಿಮಾನಗಳಿಗೆ ಬಂದವು. ಬಾಂಬ್ ಇರಲಿಲ್ಲ, ಆದರೂ ವಿಮಾನಗಳು ದಾರಿ ಬದಲಿಸಿದವು, ಪ್ರಯಾಣಿಕರು ಗಂಟೆಗಟ್ಟಲೆ ಕಾದರು. ಡಿಸೆಂಬರ್‌ನಲ್ಲಿ ಸರ್ಕಾರ ವಿಮಾನ ಭದ್ರತಾ ನಿಯಮಗಳನ್ನು ತಿದ್ದಿ ಇಂಥವರಿಗೆ ದಂಡ ವಿಧಿಸಿತು.

ಇನ್ನೊಂದು ಬಗೆಯ ಸುಳ್ಳು ವಿಮಾನದ ಉಪಕರಣಕ್ಕೇ ಹೇಳುವಂಥದು. ತಾನೆಲ್ಲಿದ್ದೇನೆ ಎಂದು ತಿಳಿಯಲು ವಿಮಾನ ಜಿಪಿಎಸ್ ಉಪಗ್ರಹಗಳ ಸಂಕೇತ ಕೇಳುತ್ತದೆ. ಸುಮಾರು 20,000 ಕಿಲೋಮೀಟರ್ ಎತ್ತರದಿಂದ ಬರುವ ಆ ಸಂಕೇತ ಬಹಳ ಕ್ಷೀಣ. ನೆಲದಿಂದ ಯಾರಾದರೂ ಅದೇ ಬಗೆಯ, ಅದಕ್ಕಿಂತ ಜೋರಾದ ಸುಳ್ಳು ಸಂಕೇತ ಕಳಿಸಿದರೆ ಉಪಕರಣ ಮೋಸಹೋಗುತ್ತದೆ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಅಮೃತಸರ ಮತ್ತು ಜಮ್ಮು ಗಡಿಭಾಗದಲ್ಲಿ ಇಂಥ ಅಡಚಣೆಯ 465 ಪ್ರಕರಣಗಳು ವರದಿಯಾದವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೊಟ್ಟ ಉತ್ತರದಲ್ಲಿ ದೆಹಲಿ, ಮುಂಬೈಗಳ ಜೊತೆಗೆ ಬೆಂಗಳೂರು, ಹೈದರಾಬಾದುಗಳ ಹೆಸರೂ ಇತ್ತು. ಜಿಪಿಎಸ್ ಸಂಕೇತವನ್ನು ತಿದ್ದಿ ವಿಮಾನಗಳಿಗೆ ಒದಗಿಸುವ ನಮ್ಮದೇ 'ಗಗನ್' ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಆದರೂ ನೆಲದ ಮೇಲಿನ ಹಳೆಯ ರೇಡಿಯೋ ದೀಪಸ್ತಂಭಗಳನ್ನು ಕಿತ್ತುಹಾಕದೆ, ಕನಿಷ್ಠ ಸಂಖ್ಯೆಯಲ್ಲಿ ಉಳಿಸಿಕೊಳ್ಳಲಾಗಿದೆ. ಇದು ವಿವೇಕದ ನಿರ್ಧಾರ. ಹೊಸ ದಾರಿ ಎಷ್ಟೇ ಚೆನ್ನಾಗಿದ್ದರೂ ಹಳೆಯ ಕಾಲುದಾರಿಗೆ ಮುಳ್ಳು ಹಾಕಬಾರದು.

ತಾಲ್ಲೂಕಿನ ತುದಿಯಲ್ಲಿ

ಇದೆಲ್ಲ ದೆಹಲಿ, ಬೆಂಗಳೂರಿನ ಮಾತು, ಕುಷ್ಟಗಿ ಯಲಬುರ್ಗಾಕ್ಕೇನು ಎನ್ನುವವರಿದ್ದಾರೆ. ಕೊಪ್ಪಳದ ಬಳಿ ಬಸಾಪುರದಲ್ಲಿ ಖಾಸಗಿ ಉದ್ಯಮದ ವಿಮಾನ ಪಟ್ಟಿಯೊಂದಿದೆ. ಆದರೆ ಜಿಲ್ಲೆಯ ಜನ ವಿಮಾನ ಹತ್ತಲು ಹುಬ್ಬಳ್ಳಿಗೋ, ತೋರಣಗಲ್ಲಿನ ವಿದ್ಯಾನಗರಕ್ಕೋ, ಹೈದರಾಬಾದು ಬೆಂಗಳೂರುಗಳಿಗೋ ಹೋಗುವವರು. ಅಂಜನಾದ್ರಿ, ಹಂಪಿಗಳಿಗೆ ಬರುವ ಯಾತ್ರಿಕರೂ ಅದೇ ದಾರಿಯಲ್ಲಿ ಬರುತ್ತಾರೆ. ಅಂತರಜಾಲವಂತೂ ಮನೆಬಾಗಿಲಿಗೇ ಬಂದಿದೆ. ಗಂಗಾವತಿಯ ಅಕ್ಕಿ ಗಿರಣಿಯ ಲಾರಿ ಹೊರಡಲು ಬಿಲ್ಲು ಜಾಲದಲ್ಲಿ ಹುಟ್ಟಬೇಕು. ಎಪಿಎಂಸಿಯ ಟೆಂಡರು ಜಾಲದಲ್ಲಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ಸರ್ವರ್ ಉತ್ತರ ಕೊಡದಿದ್ದರೆ ಬೆಳಗಿನ ಕೂಲಿ ಬಿಟ್ಟು ಬಂದ ತಾಯಿ ಬರಿಗೈಯಲ್ಲಿ ಹಿಂತಿರುಗಬೇಕು. ಅವಳಿಗೆ ಅದು ದಾಳಿಯೋ ದೋಷವೋ ಎಂಬುದರಿಂದ ವ್ಯತ್ಯಾಸವೇನೂ ಇಲ್ಲ.

ಹಳ್ಳಿಯ ಜಾಲಕ್ಕೆ ದಿನನಿತ್ಯದ ಶತ್ರು ಬಹುತೇಕ ದೂರದ ಕಳ್ಳನಲ್ಲ, ಹತ್ತಿರದ ಜೆಸಿಬಿ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ 2011ರಲ್ಲಿ ಮಂಜೂರಾತಿ ದೊರೆಯಿತು. ಆ ಎಳೆಗಳು ಬಹಳಷ್ಟು ಕಡೆ ರಸ್ತೆಯ ಅಂಚಿನಲ್ಲೇ ಸಾಗುತ್ತವೆ. ರಸ್ತೆ ಅಗಲಿಸುವಾಗ, ನೀರಿನ ಕೊಳವೆ ಹಾಕುವಾಗ ಅವು ತುಂಡಾಗುತ್ತವೆ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಹೀಗಾಗಿ 3,000 ಕೋಟಿ ರೂಪಾಯಿ ನಷ್ಟವಾಗುತ್ತದೆಂಬ ಲೆಕ್ಕದ ಮೇಲೆಯೇ, ಅಗೆಯುವ ಮುನ್ನ ತಿಳಿಸುವ ಮೊಬೈಲ್ ಸೌಲಭ್ಯವೊಂದನ್ನು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ತಂದಿತು. ದೊಡ್ಡ ಪ್ರಮಾಣದಲ್ಲೂ ಇದೇ ಕಥೆ. 2008ರ ಜನವರಿಯಲ್ಲಿ ಈಜಿಪ್ಟಿನ ಬಳಿ ಸಮುದ್ರದಡಿಯ ಕೇಬಲುಗಳು ತುಂಡಾಗಿ ಭಾರತದ ಅಂತರಜಾಲ ಅರ್ಧಕ್ಕರ್ಧ ಕುಂಟಿತು.

ಹಾಗಾದರೆ ನೀತಿ ಹೇಗಿರಬೇಕು? ಇತಿಹಾಸದಿಂದ ಮೂರು ಮಾತು ಹೊರಡುತ್ತವೆ. ಒಂದು, ದಾರಿ ಒಂದೇ ಇರಬಾರದು. ಒಬ್ಬನೇ ಗುತ್ತಿಗೆದಾರನ ಮೇಲೆ, ಒಂದೇ ಕೇಬಲಿನ ಮೇಲೆ ಊರಿಗೆ ಊರೇ ನಿಲ್ಲಬಾರದು. ಎರಡು, ಪ್ರತಿ ಸಂದೇಶಕ್ಕೂ ಕಳಿಸಿದವರ ಗುರುತು ಇರಬೇಕು, ಅದನ್ನು ಪರೀಕ್ಷಿಸುವ ಅಭ್ಯಾಸ ನೌಕರನಿಗೂ ನಾಗರಿಕನಿಗೂ ಇರಬೇಕು. ಮೂರು, ಯಂತ್ರ ನಿಂತ ದಿನ ಕೈಯಿಂದ ಕೆಲಸ ನಡೆಸುವ ವಿಧಾನ ಬರವಣಿಗೆಯಲ್ಲಿರಬೇಕು, ವರ್ಷಕ್ಕೊಮ್ಮೆಯಾದರೂ ಅದರ ತಾಲೀಮು ನಡೆಯಬೇಕು. ವಿಮಾನ ನಿಲ್ದಾಣದಲ್ಲಿ ಬೆಂಕಿಯ ತಾಲೀಮು ನಡೆಯುತ್ತದೆ; ತಾಲ್ಲೂಕು ಕಚೇರಿಯಲ್ಲಿ ಸರ್ವರ್ ನಿಂತ ದಿನದ ತಾಲೀಮು ಏಕೆ ಬೇಡ?

ಇದಕ್ಕೆ ಎದುರು ಮಾತೂ ಇದೆ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಸಂಸ್ಥೆ, ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕು, ಕಂಪ್ಯೂಟರಿನ ದಿನಚರಿಯನ್ನು 180 ದಿನ ಕಾದಿಡಬೇಕು ಎಂದು ಆದೇಶಿಸಿತು. ಇದರಿಂದ ಜನರ ಖಾಸಗಿತನಕ್ಕೆ ಧಕ್ಕೆ ಎಂದು ಕೆಲವು ಕಂಪನಿಗಳು ತಮ್ಮ ಸರ್ವರುಗಳನ್ನೇ ದೇಶದಿಂದ ಹೊರಗೆ ಒಯ್ದವು. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಕಾವಲುಗಾರನ ಕೈಗೆ ಎಷ್ಟು ಕೀಲಿ ಕೊಡಬೇಕೆಂಬುದು ಹಳೆಯ ಪ್ರಶ್ನೆ. ಆದರೆ ಪೆಟ್ಟು ಬಿದ್ದದ್ದನ್ನು ಮುಚ್ಚಿಡುವ ಚಾಳಿ ಇನ್ನೂ ಕೆಟ್ಟದು. ಒಂದು ಕಂಪನಿ ಮರೆಮಾಚಿದ ಬಿರುಕಿನಿಂದಲೇ ಕಳ್ಳ ಮುಂದಿನ ಕಂಪನಿಗೆ ನುಗ್ಗುತ್ತಾನೆ. ಆದ್ದರಿಂದ ವರದಿ ಬೇಗ ಆಗಲಿ, ಆ ವರದಿಯ ಸಾರ ಜನರಿಗೂ ತಿಳಿಯಲಿ, ಜನರ ಖಾಸಗಿ ವಿವರ ಮಾತ್ರ ಯಾರ ಕೈಗೂ ಸುಮ್ಮನೆ ಸಿಗದಿರಲಿ. ಮೂರನ್ನೂ ಒಟ್ಟಿಗೆ ಕೇಳುವ ಹಕ್ಕು ನಮಗಿದೆ.

'ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆ ಕೋಟೆಗಳ ಈ ಸೀಮೆಗೆ ಚೆನ್ನಾಗಿ ಗೊತ್ತು. ದಿಡ್ಡಿ ಎಂದರೆ ಹೆಬ್ಬಾಗಿಲ ಪಕ್ಕದ ಸಣ್ಣ ಬಾಗಿಲು. ಜಾಲದ ಕಾಲದಲ್ಲಿ ಅಂಥ ಬಾಗಿಲು ನಮ್ಮ ಪ್ರತಿಯೊಬ್ಬರ ಕೈಯಲ್ಲಿದೆ. ಗುಟ್ಟಿನ ಸಂಖ್ಯೆಯನ್ನು ಯಾರು ಕೇಳಿದರೂ ಹೇಳಬೇಡಿ. ಹಣ ಕಳೆದುಕೊಂಡರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ; ಜಿಲ್ಲೆಯಲ್ಲೂ ಸೈಬರ್ ಅಪರಾಧಗಳ ಪೊಲೀಸ್ ಠಾಣೆಯಿದೆ. ವಿಮಾನಕ್ಕೆ ಹೊರಟರೆ ಟಿಕೆಟ್ಟಿನ ಒಂದು ಕಾಗದದ ಪ್ರತಿ ಜೇಬಿನಲ್ಲಿರಲಿ. ಹೊಲದ ಬದುವಿನಲ್ಲಿ ಅಗೆಯುವ ಮುನ್ನ ಕೆಳಗೆ ಕೇಬಲ್ ಇದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಹಾಕಿ: ಸರ್ವರ್ ನಿಂತ ದಿನ ನಮ್ಮ ಊರಿನ ಪಡಿತರ, ಪಹಣಿ, ಪಿಂಚಣಿಯ ಕೆಲಸ ಹೇಗೆ ನಡೆಯುತ್ತದೆ, ಅದನ್ನು ಎಲ್ಲಿ ಬರೆದಿಟ್ಟಿದ್ದೀರಿ? ಆ ಪ್ರಶ್ನೆಗೆ ಉತ್ತರ ಸಿಕ್ಕ ದಿನ ನೀತಿ ಕಾಗದದಿಂದ ಇಳಿದು ಊರಿಗೆ ಬಂದಂತೆ.